‘ಬಂದೈತಂತ’ ಅನ್ನೋದು ಸುದ್ದಿ ಅಲ್ಲ

ಹೋದ ಸಂಚಿಕೆಯಾಗ ಒಬ್ಬ ಹುಡುಗ ‘ಪತ್ರಕರ್ತ ಆಗಾಕ ಏನ್ ಮಾಡಬೇಕ್ರಿ’ ಅಂತ ಕೇಳಿದ್ದ, ನಾನು ‘ಮೊದಲ ಡಿಗ್ರಿ ಮುಗಿಸು, ಆಮೇಲೆ ನೋಡೋಣು’ ಅಂತ ಎರಡ ಸಾಲಿನಾಗ ಮುಗಿಸಿಬಿಟ್ಟಿದ್ದೆ. ಅದು ನನ್ನ ತಪ್ಪು. ಅದನ್ನ ಓದಿ ಬೆಳಗಾವಿ, ಬಾಗಲಕೋಟಿ, ವಿಜಯಪುರ ಮೂರೂ ಕಡಿಂದ ಹೈಸ್ಕೂಲ್ ಹುಡುಗ್ರು ಟಪಾಲು ಹಾಕ್ಯಾರ, ಅಲ್ಲೀತನಕ ಕೈ ಕಟ್ಕೊಂಡು ಕುಂದ್ರಬೇಕಾ ಅಂತ. ಕುಂದ್ರಬ್ಯಾಡ್ರಿ. ಈ ಸಲ ಪೂರಾ ಜಾಗಾ ನಿಮಗ.

ಪ್ರಶ್ನೆ: ಅಕ್ಕಾ, ನಾನು ಜಮಖಂಡಿ ತಾಲೂಕಿನ ಹಳ್ಳಿ ಹುಡುಗಿ, ಒಂಬತ್ತನೇ ಕ್ಲಾಸ್. ವರದಿಗಾರ್ತಿ ಆಗಬೇಕಂತ ಭಾಳ ಆಸೆ ಐತಿ. ನಮ್ಮಪ್ಪ ಮೊದಲ ಎಸ್ಸೆಸ್ಸೆಲ್ಸಿ ಪಾಸಾಗು ಅಂತಾನ, ಕನ್ನಡ ಸರ್ ಮೊದಲ ವ್ಯಾಕರಣ ಸರಿ ಮಾಡ್ಕೋ ಅಂತಾರ. ನಮ್ಮೂರ ಬಸ್ಸಿನ ಬಗ್ಗೆ ಒಂದು ವರದಿ ಬರದು ಪೇಪರಿಗೆ ಕಳಿಸಿದ್ದೆ, ಹಾಕಲಿಲ್ಲ. ‘ನಮ್ಮ ಊರಿಗೆ ಬಸ್ಸು ಸರಿಯಾಗಿ ಬರುವುದಿಲ್ಲ. ಇದರಿಂದ ವಿದ್ಯಾರ್ಥಿಗಳಿಗೆ ತುಂಬಾ ತೊಂದರೆಯಾಗುತ್ತಿದೆಯಂತೆ. ಸಂಬಂಧಪಟ್ಟ ಅಧಿಕಾರಿಗಳು ಇತ್ತ ಗಮನ ಹರಿಸಬೇಕು’ ಅಂತ ಬರದಿದ್ದೆ. ಇದರಾಗ ತಪ್ಪೇನೈತಿ? ನನ್ನ ಹೆಸರು ಹಾಕಬ್ಯಾಡ್ರಿ.

ಉತ್ತರ: ತಂಗಿ, ವ್ಯಾಕರಣ ತಪ್ಪಿಲ್ಲ, ಅಕ್ಷರಾನೂ ತಪ್ಪಿಲ್ಲ. ಆದ್ರ ಈ ಮೂರು ಸಾಲನ್ನ ನಿಮ್ಮೂರಿಗೆ ಒಮ್ಮೆನೂ ಬರದ ಮನುಷ್ಯಾನೂ ಬರೀಬಹುದು, ಯಾವ ಊರಿನ ಹೆಸರು ಹಾಕಿದ್ರೂ ಹೊಂದ್ತೈತಿ, ಇಪ್ಪತ್ತು ವರ್ಷದ ಹಿಂದಿನ ಪೇಪರಿನಾಗ ಬಂದಿತ್ತು ಅಂದ್ರೂ ನಾನು ನಂಬ್ತಿದ್ದೆ. ಪೇಪರಿನ ಡೆಸ್ಕಿನಾಗ ಕುಂತು ಸುದ್ದಿ ತಿದ್ದೋರಿಗೆ ದಿನಾ ಇಂಥಾವು ಹತ್ತಾರು ಬರ್ತಾವ. ನಿನ್ನ ವರದಿಯಾಗ ನಿಮ್ಮೂರ ಬಸ್ಸು ಕಾಣಸಂಗಿಲ್ಲ, ಅದಕ್ಕ ಅದು ಉಳೀಲಿಲ್ಲ.

ಎರಡನೇ ಸಾಲು ನೋಡು. ‘ತೊಂದರೆಯಾಗುತ್ತಿದೆಯಂತೆ’ ಅಂತ ಬರದಿ. ಯಾರಿಗೆ? ಆ ಬಸ್ಸಿಗೆ ದಿನಾ ಕಾಯಾಕಿ ನೀನ, ತೊಂದ್ರಿ ಪಡಾಕಿ ನೀನ, ನೀನ ಹೋಗಿ ‘ಅಂತೆ’ ಅಂದ್ರ ಹೆಂಗ? ನಮ್ಮ ಮಾತಿನಾಗ ಒಂದು ಭಾಳ ಚಲೋ ವ್ಯವಸ್ಥಾ ಐತಿ, ಸಣ್ಣಂದ್ರಿಂದ ಆಡ್ತಾ ಬಂದೀವಿ, ಅದಕ್ಕ ನಮಗ ಗೊತ್ತ ಆಗಂಗಿಲ್ಲ. ‘ಮಳಿ ಬಂತು’ ಅಂದ್ರ ನಾನು ನೋಡೀನಿ, ‘ಮಳಿ ಬಂತಂತ’ ಅಂದ್ರ ಯಾರೋ ಹೇಳ್ಯಾರ. ಅಷ್ಟ ಒಂದು ಬಾಲ ಹಚ್ಚಿದ್ರ ಮಾತಿನ ಜವಾಬ್ದಾರಿ ನನ್ನಿಂದ ಜಾರಿ ಗಾಳಿಗೆ ಹೋಗಿಬಿಡ್ತೈತಿ. ಕಟ್ಟಿ ಮ್ಯಾಲೆ ಕುಂತು ಮಾತಾಡುವಾಗ ನಡೀತೈತಿ. ವರದಿಯಾಗ ಮಾತ್ರ ಪ್ರತಿಯೊಂದು ‘ಅಂತ’ಕ್ಕೂ ಒಬ್ಬ ಮಾಲಕ ಬೇಕು. ಒಂದೋ ನೀನ ಹೋಗಿ ನೋಡಿ ಆ ‘ಅಂತ’ ತಗದು ಹಾಕಬೇಕು, ಇಲ್ಲಾ ಅಂದವರ ಹೆಸರು, ಅವರು ಯಾರು, ಅವರಿಗೆ ಅದು ಹೆಂಗ ಗೊತ್ತು ಅನ್ನೋದನ್ನ ಮುಂದ ಇಡಬೇಕು. ಮೂರನೇ ದಾರಿ ಇಲ್ಲ.

ಇದನ್ನ ನಾನು ಪುಸ್ತಕದಾಗ ಓದಿ ಹೇಳಾಕತ್ತಿಲ್ಲ. ನಾನು ಕೆಲಸಕ್ಕ ಸೇರಿದ ಮೊದಲನೇ ವರ್ಷ, ಜೋರ ಮಳಿ, ಒಂದು ಹಳ್ಳಿಯಾಗ ರಾತ್ರಿ ಮಣ್ಣಿನ ಗ್ವಾಡಿ ಬಿತ್ತು. ಫೋನಿನಾಗ ಒಬ್ರು ‘ಇಬ್ರು ಹೋದ್ರಂತ, ಒಬ್ಬ ಸಣ್ಣ ಹುಡುಗ’ ಅಂದ್ರು, ಎಡಿಷನ್ ಮುಚ್ಚೋ ಟೈಮ್ ಆಗಿತ್ತು, ನಾನು ಇಬ್ಬರ ಸಾವು ಅಂತ ಬರದು ಕಳಿಸಿಬಿಟ್ಟೆ. ಹುಡುಗ ಸತ್ತಿರಲಿಲ್ಲ, ದವಾಖಾನ್ಯಾಗ ಕಾಲಿಗೆ ಪಟ್ಟಿ ಕಟ್ಟಿಸ್ಕೊಂಡು ಮಲಗಿದ್ದ. ಪುಣೆಕ್ಕ ದುಡಿಯಾಕ ಹೋಗಿದ್ದ ಅವನ ಸ್ವಾದರತ್ತಿಗೆ ಯಾರೋ ಪೇಪರ್ ಓದಿ ಫೋನ್ ಮಾಡ್ಯಾರ, ಆಕಿ ರಾತ್ರಿ ಬಸ್ಸಿನಾಗ ದಾರಿಯುದ್ದಕ್ಕೂ ಅತ್ಕೋತ ಬಂದಾಳ. ಮರುದಿನ ತಿದ್ದುಪಡಿ ಹಾಕಿದ್ವಿ, ಆದ್ರ ಆ ರಾತ್ರಿಯನ್ನ ಆಕಿಗೆ ಯಾರು ತಿದ್ದಿ ಕೊಡ್ತಾರ? ನಾನೂ ಆ ಹಳ್ಳಿಗೆ ಹೋಗಿ ಆಕಿ ಮುಂದ ನಿಂತು ತಪ್ಪಾತು ಅಂದು ಬಂದೆ. ಅವತ್ತಿಂದ ನಾನು ಬರದ ವರದಿಯಾಗ ಎಲ್ಲೆಲ್ಲೆ ‘ಅಂತ’ ಕಾಣ್ತೈತಿ ಅಲ್ಲಲ್ಲೆ ಕೆಂಪು ಪೆನ್ನಿನಾಗ ಸುತ್ತು ಹಾಕ್ತೀನಿ, ಇವತ್ತಿಗೂ.

ಈಗ ನಿನ್ನ ಬಸ್ಸಿಗೆ ಬರೂಣು. 40 ಪೇಜಿನ ಒಂದು ನೋಟ್‌ಬುಕ್ ತಗೋ. ಎರಡು ವಾರ ದಿನಾ ಇಷ್ಟ ಬರಿ: ತಾರೀಖು, ಬಸ್ಸು ಬರಬೇಕಾದ ಟೈಮು, ಬಂದ ಟೈಮು, ಸ್ಟಾಪಿನಾಗ ಎಷ್ಟು ಹುಡುಗ್ರು ಇದ್ರು, ಎಷ್ಟು ಮಂದಿ ಹತ್ತಿದ್ರು, ಎಷ್ಟು ಮಂದಿ ಉಳಿದ್ರು, ಸಾಲಿಗೆ ಮುಟ್ಟಿದಾಗ ಯಾವ ಪೀರಿಯಡ್ ನಡದಿತ್ತು. ಅಂದಾಜು ಬ್ಯಾಡ, ಎಣಿಸು. ಬಸ್ಸು ಟೈಮಿಗೆ ಸರಿಯಾಗಿ ಬಂದ ದಿನಾನೂ ಬರಿಬೇಕು, ಅದನ್ನ ಬಿಟ್ರ ನಿನ್ನ ಪಟ್ಟಿ ಅರ್ಧ ಸುಳ್ಳಾಗ್ತೈತಿ. ಆಮೇಲೆ ಮಾತಾಡಿಸು. ಉಳಿದ ಹುಡುಗ್ರನ್ನ ಮಾತಾಡಿಸೋದು ಸಲೀಸು, ಅವರು ನಿನ್ನ ಗೆಳತ್ಯಾರು. ಡ್ರೈವರ್ ಕಾಕಾನ್ನ, ಕಂಡಕ್ಟರ್‌ನ್ನ ಮಾತಾಡಿಸೀಯೇನು? ಅವರು ಏನರ ಹೇಳಬಹುದು, ಹಿಂದಿನ ಊರಾಗ ರಸ್ತೆ ಕೆದರಿ ಬಿಟ್ಟಾರ, ಅಲ್ಲೆ ಬಳಸಿ ಬರಬೇಕು, ಅರ್ಧ ತಾಸು ಹೆಚ್ಚಿಗಿ ಹಿಡೀತೈತಿ ಅಂತ. ಹಂಗಿದ್ರ ನಿನ್ನ ಸುದ್ದಿ ಬಸ್ಸಿಂದಲ್ಲ, ರಸ್ತಾದ್ದು! ಅದು ಮನ್ಯಾಗ ಕುಂತು ಬರದ್ರ ಎಂದೂ ಗೊತ್ತಾಗಂಗಿಲ್ಲ. ಕಡಿಗೆ ನಿಮ್ಮಪ್ಪನ್ನೋ ಸರ್‌ನ್ನೋ ಕರ್ಕೊಂಡು ಡಿಪೋ ಮ್ಯಾನೇಜರ್ ಕಡೆ ಹೋಗು, ಪಟ್ಟಿ ತೋರಿಸು, ‘ಇದಕ್ಕ ನೀವೇನಂತೀರಿ ಸರ್’ ಅಂತ ಕೇಳು, ಅವರಂದದ್ದನ್ನ ಅವರ ಎದುರಿಗೇ ಬರಕೊಂಡು ಓದಿ ತೋರಿಸು. ಒಬ್ಬರ ಮ್ಯಾಲೆ ದೂರು ಇದ್ದಾಗ ಅವರ ಮಾತು ಕೇಳದ ಬರದ್ರ ಅದು ವರದಿ ಆಗಂಗಿಲ್ಲ, ಚಾಡಿ ಆಗ್ತೈತಿ.

ಅವರು ಬಾಯಿ ಬಿಡಲಿಲ್ಲಂದ್ರ? 2005ರ ಮಾಹಿತಿ ಹಕ್ಕು ಕಾಯ್ದೆ ಐತಲ್ಲ. ನಿಮ್ಮಪ್ಪನ ಹೆಸರಿಲೆ ಅರ್ಜಿ ಹಾಕಸು, ಫೀ 10 ರೂಪಾಯಿ, 30 ದಿನದೊಳಗ ಉತ್ತರ ಕೊಡಬೇಕು. ನಮ್ಮ ರಾಜ್ಯದ ನಿಯಮದಾಗ ಒಂದು ಅರ್ಜಿಯೊಳಗ ಒಂದ ವಿಷಯ, 150 ಶಬ್ದದ ಮಿತಿ ಐತಿ, ಅದಕ್ಕ ‘ಬಸ್ಸು ಯಾಕ ತಡಾ ಬರ್ತೈತಿ’ ಅಂತ ಕೇಳಬ್ಯಾಡ. ‘ಇಂಥಾ ತಾರೀಖಿನಿಂದ ಇಂಥಾ ತಾರೀಖಿನ ತನಕ ಇಂಥಾ ಮಾರ್ಗದ ಬಸ್ಸು ಡಿಪೋದಿಂದ ಹೊಂಟ ಟೈಮಿನ ದಾಖಲೆ ನಕಲು ಕೊಡ್ರಿ’ ಅಂತ ಕೇಳು. ಯಾಕ ಅಂದ್ರ ತಪ್ಪಿಸ್ಕೋತಾರ, ಕಾಗದ ಕೇಳಿದ್ರ ಕೊಡಬೇಕಾಗ್ತೈತಿ. ಮತ್ತ ವರ್ಷಕ್ಕೊಮ್ಮೆ ಗ್ರಾಮ ಪಂಚಾಯತಿಯೊಳಗ ಮಕ್ಕಳ ಗ್ರಾಮ ಸಭೆ ಅಂತ ಮಾಡ್ತಾರ, ಅಲ್ಲಿ ನಿನ್ನಂಥ ಹುಡುಗ್ರ ಮಾತು ಕೇಳಾಕಂತ ಪಿಡಿಓ, ಅಧ್ಯಕ್ಷರು ಕುಂತಿರ್ತಾರ. ನೋಟ್‌ಬುಕ್ ತಗೊಂಡು ಹೋಗು. ಯಾರು ಏನ್ ಭರವಸೆ ಕೊಟ್ರು ಅಂತ ಬರಕೋ, ಮೂರು ತಿಂಗಳ ಬಿಟ್ಟು ಅದ ಪೇಜ್ ತಗದು ಆತೋ ಇಲ್ಲೋ ಅಂತ ಹೋಗಿ ನೋಡು. ದೊಡ್ಡ ದೊಡ್ಡ ವರದಿಗಾರರೂ ಈ ಎರಡನೇ ಭೇಟಿ ಮರೀತಾರ.

ಬರಿಯೋ ಕ್ರಮ ಒಂದ ಹೇಳ್ತೀನಿ. ಯಾರು, ಏನು, ಎಲ್ಲಿ, ಯಾವಾಗ, ಯಾಕ, ಹೆಂಗ, ಈ ಆರರಾಗ ನಿನ್ನ ಸುದ್ದಿಗೆ ಯಾವುದು ಜೀವಾಳನೋ ಅದು ಮೊದಲನೇ ಸಾಲಿಗೆ. ಮುಖ್ಯದ್ದು ಮ್ಯಾಲೆ, ಉಳಿದದ್ದು ಕೆಳಗ ಕೆಳಗ, ಯಾಕಂದ್ರ ಪೇಜಿನಾಗ ಜಾಗಾ ಸಾಲದಿದ್ರ ಡೆಸ್ಕಿನವರು ಕೆಳಗಿಂದ ಕತ್ತರಿಸ್ತಾರ. ‘12 ದಿನಗಳಲ್ಲಿ 7 ದಿನ ಬಸ್ ತಡವಾಗಿ ಬಂದು, ಗ್ರಾಮದ 34 ವಿದ್ಯಾರ್ಥಿಗಳಿಗೆ ಮೊದಲ ಪಾಠ ತಪ್ಪಿದೆ’, ಹಿಂಗ ಸುರು ಮಾಡು (ಈ ಅಂಕಿ ನಾನು ಮಾದರಿಗೆ ಹಾಕೀನಿ, ನೀನು ಎಣಿಸಿದ್ದು ನೀನು ಹಾಕು). ‘ಅಧಿಕಾರಿಗಳು ಗಮನ ಹರಿಸಬೇಕು’ ಅನ್ನೋ ಸಾಲು ಪೂರಾ ಹೊಡದು ಹಾಕು. ಪಟ್ಟಿ ನೋಡಿದವರು ತಾವ ಗಮನ ಹರಿಸ್ತಾರ.

ನಿಮ್ಮಪ್ಪನಿಗೆ ಹೇಳು, ತಿಂಗಳಿಗೆ ಒಂದ ವರದಿ ಮಾಡ್ತೀನಿ, ಪರೀಕ್ಷೆ ತಿಂಗಳದಾಗ ಅದೂ ಇಲ್ಲ ಅಂತ. ಒಪ್ಕೋತಾರ.

ಪ್ರಶ್ನೆ: ಮೇಡಂ, ನಾನು ಬಾಗಲಕೋಟಿ ನವನಗರದಾಗ ಇರ್ತೀನಿ, ಹತ್ತನೇ ಕ್ಲಾಸ್. ನಾನೂ ನನ್ನ ದೋಸ್ತನೂ ಕೂಡಿ ಯೂಟ್ಯೂಬ್ ಚಾನೆಲ್ ಮಾಡೀವಿ. ಹೋದ ಮಳಿಗಾಲದಾಗ ವಾಟ್ಸಾಪಿನಾಗ ಬಂದ ಹೊಳಿ ವಿಡಿಯೋ ಹಾಕಿ ‘ಆಲಮಟ್ಟಿಯಿಂದ 10 ಲಕ್ಷ ಕ್ಯೂಸೆಕ್ ಬಿಟ್ಟಾರಂತ, ಜಮಖಂಡಿ ಕಡೆ ಹಳ್ಳಿ ಮುಳುಗತಾವಂತ’ ಅಂತ ಹೆಡ್ಡಿಂಗ್ ಕೊಟ್ಟಿದ್ವಿ. ಆಮೇಲೆ ಅದು 2019ರ ವಿಡಿಯೋ ಅಂತ ಗೊತ್ತಾತು. ಜನ ಬೈದ್ರು, ಸುಮ್ನ ಡಿಲೀಟ್ ಮಾಡಿದ್ವಿ. ಮುಂದ ಇಂಥಾದು ಆಗಬಾರದಂದ್ರ ಏನ್ ಮಾಡಬೇಕು?

ಉತ್ತರ: ತಮ್ಮಾ, ನೀನು ಮುಚ್ಚಿಡದ ಬರದಿ, ಅದು ಚಲೋ ಆತು. ಹೆಡ್ಡಿಂಗಿನಾಗ ಎರಡು ‘ಅಂತ’ ಅದಾವ, ಎರಡಕ್ಕೂ ಮಾಲಕ ಇಲ್ಲ. ಮ್ಯಾಲಿನ ತಂಗಿಗೆ ಹೇಳಿದ್ದನ್ನ ನೀನೂ ಓದ್ಕೋ. ನಿನಗ ಬ್ಯಾರೆ ಒಂದು ಹೇಳ್ತೀನಿ, ಅಂಕಿ ಪರೀಕ್ಷೆ ಮಾಡೋದು. ನಮ್ಮ ಭಾಗದಾಗ ವರದಿ ಮಾಡೋರಿಗೆ ನೀರಿನ ಲೆಕ್ಕ ಬರಲಿಲ್ಲಂದ್ರ ಮಳಿಗಾಲದಾಗ ಕೈ ಕಟ್ಟಿ ಹಾಕಿದಂಗ.

ಕ್ಯೂಸೆಕ್ ಅಂದ್ರ ಒಂದು ಸೆಕೆಂಡಿಗೆ ಒಂದು ಘನ ಅಡಿ ನೀರು, ಸುಮಾರು 28 ಲೀಟರ್. ಟಿಎಂಸಿ ಅಂದ್ರ ನೂರು ಕೋಟಿ ಘನ ಅಡಿ. ಮೊದಲನೇದು ಹರಿಯೋ ನೀರಿನ ಅಳತಿ, ಎರಡನೇದು ನಿಂತ ನೀರಿನ ಅಳತಿ, ಇವೆರಡನ್ನೂ ಕಲಸಿ ಬರಿಯೋರು ಭಾಳ ಮಂದಿ ಅದಾರ. ದಿನಕ್ಕ 86,400 ಸೆಕೆಂಡ್. ಹಂಗಾದ್ರ 1 ಲಕ್ಷ ಕ್ಯೂಸೆಕ್ ನೀರು ಪೂರಾ ಒಂದು ದಿನ ಹರದ್ರ 8.64 ಟಿಎಂಸಿ ಆತು, 10 ಲಕ್ಷ ಅಂದ್ರ 86 ಟಿಎಂಸಿಗಿಂತ ಹೆಚ್ಚು. ಆಲಮಟ್ಟಿ ತುಂಬಿದಾಗ ಹಿಡಿಯೋದ 123 ಟಿಎಂಸಿ. ಅಂದ್ರ ನಿನ್ನ ಹೆಡ್ಡಿಂಗಿನ ಪ್ರಕಾರ, ಮ್ಯಾಲಿಂದ ಅಷ್ಟ ನೀರು ಒಳಗ ಬರದಿದ್ರ, ಡ್ಯಾಮಿನ ಮುಕ್ಕಾಲು ಪಾಲಿನ ಹತ್ರ ಹತ್ರ ನೀರು ಒಂದ ದಿನದಾಗ ಖಾಲಿ ಆಗಬೇಕು. ಕಾಗದದ ಮ್ಯಾಲೆ ಈ ಗುಣಾಕಾರ ಮಾಡಿದ್ರ ‘ಇದನ್ನ ಯಾರಂದ್ರು’ ಅಂತ ನಿನಗ ಸಂಶೇ ಬರ್ತಿತ್ತು, ಒಳಹರಿವು ಎಷ್ಟೈತಿ ಅಂತ ಹುಡುಕ್ತಿದ್ದಿ. ಜಲಾಶಯದ ಮಟ್ಟ, ಒಳಹರಿವು, ಹೊರಹರಿವು ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದವರು ದಿನಾ ಕೊಡ್ತಾರ, ಫೋನಿನಾಗ ಸಿಗ್ತೈತಿ.

ಇನ್ನೊಂದು ತಪ್ಪು ದಿಕ್ಕಿಂದು. ಆಲಮಟ್ಟಿಯಿಂದ ಬಿಟ್ಟ ನೀರು ಕೆಳಗ ನಾರಾಯಣಪುರದ ಕಡೆ ಹೋಗ್ತೈತಿ, ಜಮಖಂಡಿ ಇರೋದು ಮ್ಯಾಲೆ. ಜಮಖಂಡಿ ಕಡೆ ಹಳ್ಳಿಗೆ ಅಂಜಿಕಿ ಬರೋದು ಮಹಾರಾಷ್ಟ್ರದ ಕಡಿಂದ ಕೃಷ್ಣಾದಾಗ ಎಷ್ಟು ನೀರು ಬರಾಕತ್ತೈತಿ, ಹಿಪ್ಪರಗಿ ಬ್ಯಾರೇಜಿನಾಗ ಎಷ್ಟು ಐತಿ ಅನ್ನೋದ್ರ ಮ್ಯಾಲೆ, ಹಿನ್ನೀರು ಎಷ್ಟು ನಿಂತೈತಿ ಅನ್ನೋದ್ರ ಮ್ಯಾಲೆ. ಬಾಗಲಕೋಟ್ಯಾಗ ಹುಟ್ಟಿದ ಹುಡುಗ ನೀನು, ಅರ್ಧ ಊರು ಹಿನ್ನೀರಿಗೆ ಬಿಟ್ಟುಕೊಟ್ಟು ನವನಗರ ಕಟ್ಟಿದವರ ಮೊಮ್ಮಗ. ಹೊಳಿ ಯಾವ ಕಡಿಂದ ಯಾವ ಕಡೆ ಹರೀತೈತಿ ಅಂತ ನಕ್ಷಾ ಹಚ್ಚಿಕೊಂಡು ಕುಂದ್ರು.

ವಿಡಿಯೋ ಪರೀಕ್ಷೆ: ಒಂದು ಚೂರು ನಿಲ್ಲಿಸಿ ಸ್ಕ್ರೀನ್‌ಶಾಟ್ ತಗೋ, ಗೂಗಲ್ ಲೆನ್ಸಿಗೆ ಹಾಕು, ಹಿಂದ ಎಂದರ ಬಂದಿತ್ತೇನು ತೋರಿಸ್ತೈತಿ. ಅದು ಸಿಗಲಿಲ್ಲಂದ್ರ ಕಣ್ಣಿಂದ ಹುಡುಕು. ಅಂಗಡಿ ಬೋರ್ಡು ಯಾವ ಭಾಷಾದಾಗ ಐತಿ, ನಿಂತ ಗಾಡಿ ನಂಬರ್ ಪ್ಲೇಟ್ ಏನೈತಿ. ಕೆಎ 29 ಬಾಗಲಕೋಟಿ, 48 ಜಮಖಂಡಿ, 28 ವಿಜಯಪುರ, 22 ಬೆಳಗಾವಿ, 23 ಚಿಕ್ಕೋಡಿ, 49 ಗೋಕಾಕ. ಒಂದು ಗಾಡಿ ಬ್ಯಾರೆ ಕಡಿಂದ ಬಂದಿರಬಹುದು, ಹತ್ತು ಗಾಡಿ ಎಂಎಚ್ ಇದ್ರ ಅದು ನಮ್ಮೂರಲ್ಲ. ಆಮೇಲೆ ಆ ಊರಾಗ ನಿನಗ ಗುರ್ತಿನವರು ಒಬ್ರಿಗೆ ಫೋನ್ ಹಚ್ಚು, ‘ಈಗ ನಿಮ್ಮ ಕಣ್ಣಿಗೆ ಏನ್ ಕಾಣಾಕತ್ತೈತಿ’ ಅಂತ ಕೇಳು. ಈ ಒಂದು ಫೋನು ಎಲ್ಲಾ ಆ್ಯಪಿಗಿಂತ ದೊಡ್ಡದು.

ಮತ್ತ, ಡಿಲೀಟ್ ಮಾಡಿದ್ದು ಸಾಲಂಗಿಲ್ಲ. ಅದನ್ನ ನೋಡಿದ ಮಂದಿ ಇನ್ನೂ ಖರೆ ಅಂತ ತಿಳ್ಕೊಂಡಾರ, ಅವರಿಗೆ ಯಾರು ಹೇಳಬೇಕು? ಅದ ಚಾನೆಲ್ಲಿನಾಗ, ಅದ ಮಾರಿ ತೋರಿಸಿ, ‘ನಾವು ಹಾಕಿದ್ದು 2019ರ ವಿಡಿಯೋ, ತಪ್ಪಾಗಿತ್ತು’ ಅಂತ ಒಂದು ನಿಮಿಷ ಹೇಳ್ರಿ. ಕಷ್ಟ ಆಗ್ತೈತಿ, ನಂಗ ಗೊತ್ತೈತಿ. ಹೊಳಿ ದಂಡಿಗೆ ನಿಂತು ನೀವ ವಿಡಿಯೋ ಮಾಡಾಕ ಹೋಗಬ್ಯಾಡ್ರಿ ಮತ್ತ, ಇದು ನಿಮ್ಮವ್ವನ ಪರವಾಗಿ ಹೇಳಾಕತ್ತೀನಿ.

ಪ್ರಶ್ನೆ: ಅಕ್ಕಾರ, ಪೇಪರಿನಾಗ ಕಬ್ಬಿನ ರೇಟ್ ಟನ್ನಿಗೆ 3,550 ಅಂತ ಬಂದಿತ್ತು, ನಮ್ಮಪ್ಪನಿಗೆ ಅಷ್ಟು ಬರಲಿಲ್ಲ. ಪೇಪರಿನವರು ಸುಳ್ಳ ಬರೀತಾರ ಅಂತ ನಮ್ಮಪ್ಪ ಬೈತಾನ. ನಾನು ಮುಂದ ಪೇಪರಿನಾಗ ಕೆಲಸ ಮಾಡಬೇಕಂತೀನಿ, ಏನ್ ಹೇಳ್ಲಿ? (ಎಂಟನೇ ಕ್ಲಾಸ್ ಹುಡುಗ, ಮುಧೋಳ ತಾಲೂಕು)

ಉತ್ತರ: ನಿಮ್ಮಪ್ಪನ ಸಿಟ್ಟು ಖರೆ, ಪೇಪರಿನ ಅಂಕಿನೂ ಖರೆ, ಆದ್ರ ವರದಿ ಅರ್ಧ. 2025-26ರ ಹಂಗಾಮಿಗೆ ಕೇಂದ್ರ ಸರ್ಕಾರ ಹೇಳಿದ ಎಫ್‌ಆರ್‌ಪಿ (ನ್ಯಾಯಯುತ ಮತ್ತು ಲಾಭದಾಯಕ ದರ) ಕ್ವಿಂಟಲಿಗೆ 355 ರೂಪಾಯಿ, ಟನ್ನಿಗೆ 3,550. ಆದ್ರ ಅದು 10.25 ರಿಕವರಿಗೆ, ಅಂದ್ರ 100 ಕಿಲೋ ಕಬ್ಬಿಗೆ 10.25 ಕಿಲೋ ಸಕ್ಕರಿ ಬಂದ್ರ. ರಿಕವರಿ 0.1 ಕಡಿಮಿ ಆದಂಗ ಕ್ವಿಂಟಲಿಗೆ 3 ರೂಪಾಯಿ 46 ಪೈಸೆ ಇಳೀತೈತಿ, ಹೆಚ್ಚಾದ್ರ ಏರ್ತೈತಿ, 9.5 ಇಲ್ಲಾ ಅದಕ್ಕಿಂತ ಕಡಿಮಿ ಇದ್ರ 329 ರೂಪಾಯಿ 5 ಪೈಸೆಗೆ ನಿಲ್ತೈತಿ. ಮ್ಯಾಲೆ ಕಟಾವು, ಸಾಗಾಣಿಕಿ ಖರ್ಚು ಫ್ಯಾಕ್ಟರಿಯವರು ಮಾಡಿದ್ರ ಅದನ್ನೂ ಹಿಡಕೊಂಡು ಕೊಡ್ತಾರ. ಹೊಲದಾಗ ನಿಂತವನಿಗೆ ಕೈಗೆ ಬರೋದು ಆ ಕಡೀ ಅಂಕಿ. ‘3,550’ ಅಂತ ಹೆಡ್ಡಿಂಗ್ ಕೊಟ್ಟು ರಿಕವರಿ ಎಷ್ಟು, ಖರ್ಚು ಹಿಡದೋ ಬಿಟ್ಟೋ ಅಂತ ಬರೀದಿದ್ರ ರೈತನಿಗೆ ಅದು ಸುಳ್ಳಾಗಿನ ಕಾಣ್ತೈತಿ.

ನೀ ಒಂದು ಕೆಲಸ ಮಾಡು. ನಿಮ್ಮಪ್ಪನ ಬಿಲ್ ಇಸ್ಕೋ, ಮಗ್ಗಲ ಹೊಲದ ಕಾಕಾನ ಬಿಲ್ಲೂ ಇಸ್ಕೋ, ಕಬ್ಬು ಕೊಟ್ಟ ತಾರೀಖು ಯಾವುದು, ರೊಕ್ಕ ಜಮಾ ಆದ ತಾರೀಖು ಯಾವುದು ಅಂತ ಎದುರಾ ಬದುರಾ ಬರಿ. 1966ರ ಕಬ್ಬು ನಿಯಂತ್ರಣ ಆದೇಶದಾಗ 14 ದಿನದೊಳಗ ಕೊಡಬೇಕು, ತಡಾ ಆದ್ರ ವರ್ಷಕ್ಕ ಶೇ 15ರ ಬಡ್ಡಿ ಅಂತ ಐತಿ. ನಿಮ್ಮ ಓಣಿಯಾಗ ಎಷ್ಟು ಮಂದಿಗೆ 14 ದಿನದಾಗ ಬಂತು? ಇದು ಬೆಂಗಳೂರಾಗ ಕುಂತವರಿಗೆ ಸಿಗದ ಸುದ್ದಿ, ನಿನ್ನ ಮನಿ ಪಡಸಾಲ್ಯಾಗ ಬಿದ್ದೈತಿ. ಬಿಲ್ಲಿನ ಫೋಟೋ ಮಾತ್ರ ಅವರನ್ನ ಕೇಳದ ಎಲ್ಲೂ ಹಾಕಬ್ಯಾಡ.

ಪ್ರಶ್ನೆ: ನಾನು ವಿಜಯಪುರ ಜಿಲ್ಲೆಯ ಸರ್ಕಾರಿ ಹೈಸ್ಕೂಲಿನ ಶಿಕ್ಷಕ. ಮಕ್ಕಳ ಕಡಿಂದ ಗೋಡೆ ಪತ್ರಿಕೆ ಮಾಡಿಸಬೇಕಂತ ಮಾಡೀನಿ. ಹಿಂದ ಒಮ್ಮೆ ಮಾಡಿದಾಗ ಸುಭಾಷಿತ, ಒಗಟು, ಹೂವಿನ ಚಿತ್ರ ಬಿಟ್ರ ಏನೂ ಬರಲಿಲ್ಲ, ಎರಡ ತಿಂಗಳಿಗೆ ನಿಂತು ಹೋತು.

ಉತ್ತರ: ಸರ್, ನಿಮ್ಮಂಥವರು ಜಿಲ್ಲೆಕ್ಕ ಹತ್ತು ಮಂದಿ ಇದ್ರ ಸಾಕ್ರಿ. ವಿಜಯಪುರದಾಗ ಇದಕ್ಕ ದೊಡ್ಡ ಹಿರೀಕರ ಅದಾರ. ಫ.ಗು. ಹಳಕಟ್ಟಿ ಅವರು ವಕೀಲರಿದ್ರು, ವಚನ ಅಚ್ಚು ಹಾಕಾಕಂತ ಹಿತಚಿಂತಕ ಮುದ್ರಣಾಲಯ ಕಟ್ಟಿದ್ರು, 1926ರಾಗ ‘ಶಿವಾನುಭವ’ ಪತ್ರಿಕೆ, ಮರುವರ್ಷ ‘ನವಕರ್ನಾಟಕ’ ವಾರಪತ್ರಿಕೆ ಸುರು ಮಾಡಿದ್ರು, ಅದರ ಸಲುವಾಗಿ ಸ್ವಂತ ಮನೀನೂ ಮಾರಿದ್ರು. ಹಳ್ಳಿ ಹಳ್ಳಿಗೆ ಹೋಗಿ ತಾಡೋಲೆ ಹುಡುಕಿ, ಒಂದು ಪ್ರತಿ ಜೋಡಿ ಇನ್ನೊಂದು ಪ್ರತಿ ಇಟ್ಟು ತಾಳೆ ನೋಡಿ, ಆಮೇಲೆ ಅಚ್ಚಿಗೆ ಕೊಟ್ರು. ಮಕ್ಕಳಿಗೆ ಈ ಕತಿ ಹೇಳ್ರಿ. ತಾಳೆ ನೋಡೋದು ಅನ್ನೋ ಶಬ್ದಾನ ಅಲ್ಲಿಂದ ಕಲೀಲಿ.

ಹಿಂದಿನದು ಯಾಕ ನಿಂತಿತು ಅಂದ್ರ ಅದರಾಗ ಸುದ್ದಿ ಇರಲಿಲ್ಲರಿ, ಸುಭಾಷಿತ ಓದಾಕ ಯಾರೂ ಗ್ವಾಡಿ ಮುಂದ ನಿಂದ್ರಂಗಿಲ್ಲ. ಒಂದು ನಿಯಮ ಹಾಕ್ರಿ: ನಮ್ಮ ಸಾಲಿ ಕಂಪೌಂಡಿನ ಒಳಗಿಂದು, ಇಲ್ಲಾ ಸಾಲಿಗೆ ಬರೋ ದಾರಿದು, ಅಷ್ಟ. ಬಿಸಿಯೂಟಕ್ಕ ಇವತ್ತ ಎಷ್ಟು ಮಂದಿ ಕುಂತ್ರು, ನಳದಾಗ ನೀರು ಎಷ್ಟು ದಿನ ಬರಲಿಲ್ಲ, ಕಬಡ್ಡಿ ಮ್ಯಾಚಿನಾಗ ಸೋತ ಟೀಮಿನ ಕ್ಯಾಪ್ಟನ್ ಏನಂದ, ಅಡಗಿ ಅಕ್ಕಾರ ಎಷ್ಟು ಗಂಟೆಕ್ಕ ಒಲಿ ಹಚ್ತಾರ. ಹಿಂಗ ಬರದ್ರ ಮಕ್ಕಳು ಮೈಮ್ಯಾಲೆ ಬಿದ್ದು ಓದ್ತಾವ. ಒಂದು ಡ್ರಾಯಿಂಗ್ ಶೀಟು, ಎರಡು ಸ್ಕೆಚ್ ಪೆನ್ನು, ಹದಿನೈದು ದಿನಕ್ಕೊಮ್ಮೆ. ಸಂಪಾದಕರನ್ನ ತಿಂಗಳಿಗೊಮ್ಮೆ ಬದಲಿ ಮಾಡ್ರಿ, ಇಲ್ಲಾಂದ್ರ ಜಾಣ ಹುಡುಗಿ ಒಬ್ಬಾಕಿ ಎಲ್ಲಾ ಬರದು ಉಳಿದವರು ಚಪ್ಪಾಳಿ ಹೊಡೀತಾರ. ಒಬ್ಬ ಹುಡುಗನ ಕೆಲಸ ಬರೀ ಕೇಳೋದು ಇರಲಿ: ‘ಇದು ನಿನಗ ಹೆಂಗ ಗೊತ್ತು?’ ಪ್ರತಿ ವರದಿಗೂ, ಪ್ರತಿ ಸಾಲಿಗೂ. ಬಲಗಡೆ ಕೆಳಗ ಒಂದು ಚೌಕಟ್ಟು ಖಾಯಂ ಇಡ್ರಿ, ‘ಹಿಂದಿನ ಸಂಚಿಕೆಯ ತಪ್ಪು’ ಅಂತ. ಸುರು ಮಾಡಾಕ ಜುಲೈ 1 ಚಲೋ ದಿನ, ಪತ್ರಿಕಾ ದಿನ, 1843ರಾಗ ಅವತ್ತ ಮಂಗಳೂರಾಗ ಹರ್ಮನ್ ಮೊಗ್ಲಿಂಗ್ ಅವರು ಕಲ್ಲಚ್ಚಿನಾಗ ‘ಮಂಗಳೂರ ಸಮಾಚಾರ’ ತಂದ್ರು, ಕನ್ನಡದ ಮೊದಲನೇ ಪತ್ರಿಕೆ.

ಎರಡು ಎಚ್ಚರಿಕಿ ರೀ. ಹೆಡ್‌ಮಾಸ್ತರ ಜೋಡಿ ಮೊದಲ ಮಾತಾಡ್ಕೊಳ್ರಿ, ಮಕ್ಕಳು ನಳದ ಬಗ್ಗೆ ಬರದಾಗ ಹರದು ಹಾಕಂಗಿಲ್ಲ, ಬೇಕಾದ್ರ ಮಗ್ಗಲಕ್ಕ ನಿಮ್ಮ ಉತ್ತರ ಬರೀರಿ ಅಂತ. ಒಮ್ಮೆ ಹರದ್ರ ಮಕ್ಕಳು ಮತ್ತ ಸುಭಾಷಿತಕ್ಕ ಹೋಗ್ತಾವ. ಎರಡನೇದು, ಯಾವ ಮಗುವಿಗೆ ಅವಮಾನ ಆಗ್ತೈತಿ ಅಂಥಾದ್ರಾಗ ಹೆಸರು ಬರಬಾರದು, ನಪಾಸಾದವರು, ಹೊಡತ ತಿಂದವರು, ಮನ್ಯಾಗ ಜಗಳ ಆದವರು. ಇನ್ನ ದೌರ್ಜನ್ಯದ ಸುದ್ದಿ ಇದ್ರ ಕಾನೂನ ಐತಿ: ಮಕ್ಕಳ ಮ್ಯಾಲಿನ ಲೈಂಗಿಕ ದೌರ್ಜನ್ಯ ತಡಿಯೋ 2012ರ ಪೋಕ್ಸೋ ಕಾಯ್ದೆಯ 23ನೇ ಕಲಂ ಪ್ರಕಾರ ಆ ಮಗುವಿನ ಹೆಸರು, ಫೋಟೋ, ವಿಳಾಸ, ಮನಿಯವರ ವಿವರ, ಸಾಲಿ ಹೆಸರು, ಯಾವುದೂ ಹೊರಗ ಬರಂಗಿಲ್ಲ, 2015ರ ಬಾಲನ್ಯಾಯ ಕಾಯ್ದೆಯ 74ನೇ ಕಲಮಿನಾಗೂ ಇಂಥಾದ ಐತಿ. ಮೊಬೈಲ್ ಕೈಯಾಗ ಹಿಡದ ಪ್ರತಿ ಹುಡುಗನಿಗೂ ಇದು ಗೊತ್ತಿರಬೇಕು, ಸ್ಟೇಟಸ್ ಹಾಕೋದೂ ಪ್ರಕಟಣೆನ.

ಪ್ರಶ್ನೆ: ಮೇಡಂ, ನಾನು ಬೆಳಗಾವಿ ಸಿಟಿ ಹುಡುಗ, ಮನ್ಯಾಗ ಮರಾಠಿ, ಸಾಲ್ಯಾಗ ಕನ್ನಡ ಮೀಡಿಯಂ. ನನ್ನ ಕನ್ನಡ ಕೇಳಿ ದೋಸ್ತರು ನಗ್ತಾರ. ಕನ್ನಡ ಪೇಪರಿನಾಗ ನಂಗ ಜಾಗಾ ಸಿಗ್ತೈತೇನು?

ಉತ್ತರ: ಸಿಗ್ತೈತಿ. ಬೆಳಗಾವಿಯಾಗ ವರದಿ ಮಾಡೋರು ಒಂದ ದಿನದಾಗ ಕನ್ನಡ, ಮರಾಠಿ, ಹಿಂದಿ, ಇಂಗ್ಲಿಷ್ ನಾಲ್ಕೂ ಕೇಳಬೇಕಾಗ್ತೈತಿ, ನಿನ್ನ ಹತ್ರ ಎರಡು ಹುಟ್ಟಾ ಬಂದಾವ. ಭಾಜಿ ಮಾರ್ಕೆಟಿನಾಗ ಒಬ್ಬ ಅಜ್ಜಿ ಮರಾಠಿಯೊಳಗ ಅತ್ತದ್ದನ್ನ ಕನ್ನಡದಾಗ ಸರಿಯಾಗಿ ಹೇಳಾವ ಬೇಕಲ್ಲ? ಆಕಿ ಮಾತನ್ನ ಮೊದಲ ಮರಾಠಿಯೊಳಗ ಇದ್ದಂಗ ಬರಕೋ, ಮನಿಗೆ ಬಂದು ಕನ್ನಡ ಮಾಡು, ಅವಸರದಾಗ ಅಲ್ಲೇ ಕನ್ನಡ ಮಾಡಾಕ ಹೋದ್ರ ಆಕಿ ಮಾತು ಹೋಗಿ ನಿನ್ನ ಮಾತು ಆಗ್ತೈತಿ. ದಿನಾ ಕನ್ನಡ ಪೇಪರಿನ ಒಂದು ಸುದ್ದಿ ಜೋರಾಗಿ ಓದು. ‘ಸಂಯುಕ್ತ ಕರ್ನಾಟಕ’ ನಿಮ್ಮ ಬೆಳಗಾವಿಯಾಗ ಹುಟ್ಟಿ ಆಮೇಲೆ ಹುಬ್ಬಳ್ಳಿಗೆ ಹೋದ ಪೇಪರು, ಇದನ್ನ ನಗೋ ದೋಸ್ತರಿಗೂ ಹೇಳು.

ಪ್ರಶ್ನೆ: ಹತ್ತನೇತ್ತಾ ಆದ ಮ್ಯಾಲೆ ಯಾವ ಕೋರ್ಸ್? ಸೈನ್ಸ್ ತಗೊಂಡ್ರ ಪತ್ರಿಕೋದ್ಯಮ ಸಿಗಂಗಿಲ್ಲಾ? (ಮೂರು ಮಂದಿ ಕೇಳ್ಯಾರ)

ಉತ್ತರ: ಪಿಯುಸಿ ಯಾವುದಾದ್ರೂ ನಡೀತೈತಿ. ಸೈನ್ಸ್ ಓದಿದವರು ಡೆಸ್ಕಿನಾಗ ಕಮ್ಮಿ, ಅವರು ಬಂದ್ರ ಚಲೋನ. ಮುಂದ ಬಿಎ ಒಳಗ ಪತ್ರಿಕೋದ್ಯಮ ಒಂದು ವಿಷಯ ಇರೋ ಕಾಲೇಜ್ ಹುಡುಕ್ರಿ, ಎಂಎ ಬೇಕಂದ್ರ ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯ ಐತಿ, ಹೆಣ್ಣುಮಕ್ಕಳಿಗೆ ವಿಜಯಪುರದ ಅಕ್ಕಮಹಾದೇವಿ ಮಹಿಳಾ ವಿಶ್ವವಿದ್ಯಾಲಯ ಐತಿ. ಕನ್ನಡ ಯುನಿಕೋಡ್ ಟೈಪಿಂಗ್ ಈ ಬ್ಯಾಸಗಿ ಸೂಟಿಯಾಗ ಕಲೀರಿ, ದಿನಾ ಅರ್ಧ ತಾಸು ಸಾಕು.

ಪ್ರಶ್ನೆ: ಅಕ್ಕಾ, ನಂದು ಗುಳೇದಗುಡ್ಡ, ಒಂಬತ್ತನೇ ಕ್ಲಾಸ್. ಬರಿಯಾಕ ಬರ್ತೈತಿ, ಆದ್ರ ಗುರ್ತಿಲ್ಲದವರನ್ನ ಮಾತಾಡಿಸಾಕ ಭಾಳ ಅಂಜಿಕಿ, ಬಾಯಿ ಒಣಗ್ತೈತಿ. ನಮ್ಮ ಆಯಿ ಮಗ್ಗದ ಮ್ಯಾಲೆ ಖಣ ನೇಯ್ತಾಳ, ಆಕಿ ಜೋಡಿ ಮಾತ್ರ ಚಲೋ ಮಾತಾಡ್ತೀನಿ. ನಾನು ವರದಿಗಾರ್ತಿ ಆಗಾಕ ಸಾಧ್ಯ ಐತೇನು?

ಉತ್ತರ: ತಂಗಿ, ಆಯಿಯಿಂದ ಸುರು ಮಾಡು. ಆಕಿ ನಿಮ್ಮ ಆಯಿ ಅನ್ನೋದನ್ನ ಒಂದು ತಾಸು ಬದಿಗಿಡು, ‘ಖಣ ನೇಯೋ ಹೆಣಮಗಳು’ ಅಂತ ತಿಳ್ಕೊಂಡು ಹತ್ತು ಪ್ರಶ್ನೆ ಬರಕೊಂಡು ಹೋಗು. ದಿನಕ್ಕ ಎಷ್ಟು ಖಣ ಇಳೀತಾವ, ನೂಲು ಯಾರು ಕೊಡ್ತಾರ, ಒಂದಕ್ಕ ಆಕಿ ಕೈಗೆ ಎಷ್ಟು ಬರ್ತೈತಿ, ಅಂಗಡ್ಯಾಗ ಅದ ಖಣ ಎಷ್ಟಕ್ಕ ಮಾರ್ತಾರ, ಮಗ್ಗದ ಕೆಲಸ ಯಾರ ಕಡೆ ಕಲಿತ್ಲು, ಬೆನ್ನು ನೋವು ಎಂದಿನಿಂದ. ‘ಹೂಂ’ ‘ಇಲ್ಲ’ ಅಂತ ಮುಗಿಯೋ ಪ್ರಶ್ನೆ ಕೇಳಬ್ಯಾಡ, ‘ಹೆಂಗ’ ‘ಯಾಕ’ ಹಚ್ಚು. ಆಕಿ ಸುಮ್ನಾದ್ರ ನೀನೂ ಸುಮ್ನಿರು, ಮನಸಿನಾಗ ಹತ್ತು ಎಣಿಸು, ಆಮೇಲೆ ಆಕಿನ ಮುಂದುವರಿಸ್ತಾಳ, ಆ ಹತ್ತು ಎಣಿಕಿ ಆದ ಮ್ಯಾಲೆ ಬಂದ ಮಾತ ಭಾಳ ಸಲ ಒಳ್ಳೇ ಮಾತು ಇರ್ತೈತಿ. ಅಂಜಿಕಿ ಇರೋ ಹುಡುಗ್ರು ನಡುವ ಬಾಯಿ ಹಾಕಂಗಿಲ್ಲ, ಅದಕ್ಕ ಅವರಿಗೆ ಮಂದಿ ಹೆಚ್ಚಿಗಿ ಹೇಳ್ತಾರ, ನಾನು ಇದನ್ನ ಕಣ್ಣಾರೆ ನೋಡೀನಿ.

ಮರುವಾರ ಆಯೀನ್ನ ಕರ್ಕೊಂಡು ಆಕಿ ಖಣ ಕೊಡೋ ಅಂಗಡಿಗೆ ಹೋಗು, ಆಕಿ ಮಗ್ಗಲದಾಗ ನಿಂತು ಒಂದ ಒಂದು ಪ್ರಶ್ನೆ ಕೇಳು, ರೇಟಿಂದು. ಮುಂದಿನ ವಾರ ಎರಡು. ಅಂಗಡಿ ಕಾಕಾ ಒಂದು ರೇಟ್ ಹೇಳಿ ಆಯಿ ಬ್ಯಾರೆ ರೇಟ್ ಹೇಳಿದ್ರ ಎರಡೂ ಬರಕೋ, ಬರಕೊಂಡು ನಂಗ ಕಳಸು, ಮುಂದೇನ್ ಕೇಳಬೇಕು ಅಂತ ಇಬ್ರೂ ಕೂಡಿ ನೋಡೂಣು.